ಕರಿಬೇವಿನ ಪಿಸುಮಾತಿಗೊಂದು ಕನ್ವರ್ಟರ್

ತನ್ವಿ, ನಿಶು, ಸ್ನಾನದ ಮನೆಯ ನೀಲಿ ಮಗ್ ಒಮ್ಮೆ ನಮ್ಮ ಮನೆಯ ಜಗಳ ಬಿಡಿಸಿತು ಎಂದರೆ ದೊಡ್ಡವರಾದ ಮೇಲೆ ನೀವೇ ನಂಬಲಿಕ್ಕಿಲ್ಲ, ಅದಕ್ಕೇ ನಿಮ್ಮ ಅಜ್ಜಿ ನಾನು ಬರೆದಿಡುತ್ತಿದ್ದೇನೆ.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನೀವು ಆರಿಸಿಕೊಂಡದ್ದು ನಾನು ಊರಿನಿಂದ ತಂದು, ಅಬುಧಾಬಿಯ ಬಿಸಿಲಿನಲ್ಲಿ ಬಾಣಂತಿಯಂತೆ ಆರೈಕೆ ಮಾಡಿದ ಬಾಲ್ಕನಿಯ ಕರಿಬೇವಿನ ಗಿಡವನ್ನು. ಎಲೆ ಕಿತ್ತರೆ ಗಿಡದೊಳಗಿನ ವೋಲ್ಟೇಜು ಇಷ್ಟೇ ಇಷ್ಟು ಏರಿಳಿಯುತ್ತದಂತೆ. ಅದನ್ನು ಅಂಕಿಯಾಗಿ ತೋರಿಸುವ, ಉಗುರಿನಷ್ಟು ದೊಡ್ಡ ವಸ್ತುವೇ ಕನ್ವರ್ಟರಂತೆ. ಅಂಥವು ಎರಡು ಬಂದಿದ್ದವು. ನಿಶು ಮೆಚ್ಚಿದ್ದು ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಸಲ ಅಳೆಯುವಂಥದು. ತನ್ವಿ ಮೆಚ್ಚಿದ್ದು ನಿಧಾನದ್ದು, ಆದರೆ ಅದರ ಅಳತೆಯ ಗೆರೆಗಳು ಬಹಳ ಸಣ್ಣವು, ಕೂದಲೆಳೆಯ ವ್ಯತ್ಯಾಸವನ್ನೂ ಹಿಡಿಯುತ್ತವೆ.

“ಸ್ಲೋ ಇದ್ರೆ ಜಡ್ಜಸ್ ಬೋರ್ ಆಗ್ತಾರೆ!”

“ನಿಂದು ಫಾಸ್ಟಾಗಿ ಸುಳ್ಳು ಹೇಳ್ತದೆ ಮಾರಾಯ!”

ಮದೀನತ್ ಜಾಯೆದ್‌ನ ಆಫೀಸಿನ ಕೆಲಸದ ನಡುವೆ ನಿಮ್ಮ ಅಪ್ಪ ಫೋನಿನಲ್ಲಿ, “ಪಿಸುಮಾತು ಕೇಳ್ಬೇಕಾದ್ರೆ ಕೇಳುವವ ಗದ್ದಲ ಮಾಡ್ಬಾರದು. ಅಷ್ಟು ನೋಡಿ. ಗಿಡ ನನ್ನ ಅಮ್ಮನದ್ದು, ಅಮ್ಮನೇ ಹೇಳಲಿ. ಯಲ್ಲಾ, ಹೊರಟೆ, ಮೀಟಿಂಗ್ ಉಂಟು” ಎಂದು ಜಾರಿಕೊಂಡ.

ಸೀರೆಯಂಗಡಿಯಲ್ಲೂ ನಿಮ್ಮ ಅಜ್ಜನ ಮುಖ ನೋಡಿ ಅವರು ಬೊಟ್ಟು ಮಾಡಿದ್ದಕ್ಕೇ ತಲೆಯಾಡಿಸುತ್ತಿದ್ದವಳು ನಾನು. ಈಗ ಅವರೂ ಇಲ್ಲ, ಸೀರೆಯೂ ಅಲ್ಲ. ಒಬ್ಬರನ್ನು ಗೆಲ್ಲಿಸಿದರೆ ಇನ್ನೊಬ್ಬರು ನನ್ನ ಪಕ್ಕ ಮಲಗಲು ಬರುವುದನ್ನು ಬಿಟ್ಟೇಬಿಡುತ್ತೀರಿ ಎಂಬುದೇ ನನ್ನ ಹೆದರಿಕೆ.

“ಎರಡನ್ನೂ ಕಟ್ಟಿ ನೋಡುವ” ಎಂದೆ, ಕಾಲ ತಳ್ಳಲು.

ಮೊದಲು ನಿಶುವಿನದು. ಪರದೆಯ ಮೇಲೆ ಅಂಕಿಗಳು ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿದವು. “ಅಜ್ಜಿ, ಇಟ್ಸ್ ಟಾಕಿಂಗ್!” ಎಂದು ಅವನು ಕುಣಿದ. ಗಿಡ ನನ್ನ ಬಗ್ಗೆಯೇ ಏನೋ ಚಾಡಿ ಹೇಳುತ್ತಿದೆಯೆಂದು ನಾನು ಸೆರಗು ಸರಿಮಾಡಿಕೊಂಡು ಒಳಗೆ ಸರಿದೆ. ತನ್ವಿ ಎಸಿ ಆರಿಸಿದಳು, ಫ್ರಿಜ್ ಆರಿಸಿದಳು. ನಾವು ಬೆವರಿ ಇಡ್ಲಿಯಾದೆವು, ಅಂಕಿಗಳ ಕುಣಿತ ನಿಲ್ಲಲಿಲ್ಲ. ಕೊನೆಗೆ ಅವಳು ಗಿಡದ ತಂತಿಗಳನ್ನು ಕಿತ್ತು ನೀಲಿ ಮಗ್‌ನ ನೀರಿಗೆ ಇಳಿಬಿಟ್ಟಳು. ಮಗ್ ಗಿಡಕ್ಕಿಂತಲೂ ಜೋರಾಗಿ ಮಾತಾಡಿತು!

“ಮಗ್ಗಿಗೂ ಜೀವ ಉಂಟಾ ನಿಶು?” ಎಂದಳು ತನ್ವಿ.

“ಮಗ್ ಚೀಟಿಂಗ್ ಮಾಡ್ತಿದೆ ಅಜ್ಜಿ!” ಎಂದ ಅವನು, ಆದರೆ ದನಿ ಸಣ್ಣದಾಗಿತ್ತು. ಗೋಡೆಯೊಳಗಿನ ಕರೆಂಟಿನ ಗುಂಯ್‌ಗುಟ್ಟುವಿಕೆಯನ್ನೆಲ್ಲ ಅವನ ಕನ್ವರ್ಟರು ಗಿಡದ ಮಾತೆಂದು ಒಪ್ಪಿಸುತ್ತಿತ್ತು.

ತನ್ವಿಯದನ್ನು ಕಟ್ಟಿದಾಗ ಮಗ್ ಬಾಯಿ ಮುಚ್ಚಿತು. ತಂತಿಗಳನ್ನು ಮತ್ತೆ ಗಿಡಕ್ಕೆ ಸಿಕ್ಕಿಸಿದಾಗ ಒಂದು ಅಂಕಿ ಬಂದು ನೆಟ್ಟಗೆ ನಿಂತಿತು. ನಾನು ಒಂದು ಎಲೆ ಕಿತ್ತೆ. ಅಂಕಿ ಮೆಲ್ಲಗೆ, ಬಹಳ ಮೆಲ್ಲಗೆ, ಇಳಿಯತೊಡಗಿತು. ಇಷ್ಟು ವರ್ಷ ಒಗ್ಗರಣೆಗೆಂದು ಬರಬರನೆ ಕೀಳುತ್ತಿದ್ದ ನನ್ನ ಕೈ ಸೆರಗಿನೊಳಗೆ ಹೋಯಿತು.

“ಸಾರಿ ಹೇಳು ಅಜ್ಜಿ, ಪ್ಲೀಸ್,” ಎಂದು ನಿಶು ಪಿಸುಗುಟ್ಟಿದ. ನಾಚಿಕೆಯಾದರೂ ತುಳುವಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತಿಗೆ ಅಂಕಿ ತಾನಾಗಿಯೇ ಮೇಲೇರಿತು.

“ನೋಡು! ನಾನು ಹೇಳಿದ್ದಕ್ಕೇ ಸರಿಯಾಯ್ತು!” ಎಂದು ಅವನು ಅರಳಿದ.

ತನ್ವಿ, ನೀನು ಕಾರಣ ವಿವರಿಸಲು ಬಾಯಿ ತೆರೆದೆ. ತಮ್ಮನ ಮುಖ ನೋಡಿ ಮುಚ್ಚಿಕೊಂಡೆ. “ಹೌದು, ನಿನ್ನಿಂದಲೇ. ಜಡ್ಜಸ್ ಮುಂದೆ ಸಾರಿ ಹೇಳುವ ಕೆಲಸ ನಿಂದು” ಎಂದು ನೀನೇ ಅವನಿಗೆ ಹೇಳಿದೆ. ನನಗೆ ತೀರ್ಪು ಹೇಳುವ ಕೆಲಸವೇ ಉಳಿಯಲಿಲ್ಲ. ಅಂದಿನ ಸಾರಿಗೆ ಕರಿಬೇವಿಲ್ಲದ ಬೋಳು ಒಗ್ಗರಣೆ, ಯಾರೂ ದೂರಲಿಲ್ಲ. ಈ ಹಾಳೆಗಳನ್ನು ಇಬ್ಬರೂ ಸೇರಿ ಜೋಪಾನ ಮಾಡಿ, ಮಕ್ಕಳೇ; ಯಾರ ಕಪಾಟಿನಲ್ಲಿ ಎಂದು ಮಾತ್ರ ನನ್ನನ್ನು ಕೇಳಬೇಡಿ.