ಕೊಡಲು ಬಂದವಳ ಮೇಲೆ ದೂರು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದುದರಿಂದ ಅವಳು ಎಲ್ಲರಿಗೂ ಲಾಂಡ್ರಿಯಮ್ಮ. ಗಂಡ ತೀರಿಕೊಂಡ ಮೇಲೆ, ನೋಡಿಕೊಳ್ಳುವವರಿಲ್ಲದ ಮಕ್ಕಳನ್ನು ಸರ್ಕಾರದ ಪರವಾಗಿ ಮನೆಯಲ್ಲಿಟ್ಟುಕೊಂಡು ಸಾಕುತ್ತಿದ್ದಳು. ಕೊನೆಗೆ ಬಂದವರು ಒಬ್ಬ ಹುಡುಗಿ, ಅವಳ ತಮ್ಮ. ತಾಯಿ ಪರದೇಶದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಮಕ್ಕಳ ಜೊತೆಗಿದ್ದ ಅಜ್ಜಿ ತೀರಿಹೋಗಿದ್ದಳು.

ಮೊದಮೊದಲು ಹುಡುಗ ಫೋನಿನಲ್ಲಿ ತಾಯಿಯ ಮುಖ ಕಂಡರೆ ಮಂಚದಡಿ ತೂರಿಕೊಳ್ಳುತ್ತಿದ್ದ. ಯಾವ ಕೊಳೆಯನ್ನಾದರೂ ತೆಗೆದೇನು, ಇವನ ಹಠ ತೆಗೆಯಲಾರೆ ಎಂದು ನಗುತ್ತಲೇ ಅವನನ್ನು ಪುಸಲಾಯಿಸಿ ಮಾತಾಡಿಸಿದವಳು ಲಾಂಡ್ರಿಯಮ್ಮ. ಹುಡುಗಿಗೆ ಯಾವ ಮಾತು ಚುಚ್ಚುತ್ತದೆಂದು ತಾಯಿಗೆ ಹೇಳಿಕೊಟ್ಟವಳೂ ಅವಳೇ. ತಾಯಿ ಅವಳನ್ನು ಒಡಹುಟ್ಟಿದವಳಂತೆ 'ಅಕ್ಕ' ಎನ್ನುತ್ತಿದ್ದಳು. ಆ ಸಲಿಗೆಯಲ್ಲೇ ಒಮ್ಮೆ ಲಾಂಡ್ರಿಯಮ್ಮ, ಮಾರುಕಟ್ಟೆಯಲ್ಲಿ ಹುಡುಗ ಕೈತಪ್ಪಿ ಹೋದದ್ದನ್ನೂ ಅವನು ಸಿಗುವವರೆಗೆ ತನ್ನ ಜೀವ ಬಾಯಿಗೆ ಬಂದದ್ದನ್ನೂ ಹೇಳಿಕೊಂಡು ಅತ್ತಿದ್ದಳು.

ಮಕ್ಕಳನ್ನು ತನ್ನಲ್ಲಿಗೆ ಕಳಿಸಬೇಕೆಂದು ತಾಯಿ ಮಕ್ಕಳ ಕಲ್ಯಾಣ ಸಮಿತಿಗೆ ಅರ್ಜಿ ಹಾಕಿದಳು. ಸಾಕಿದವಳ ಮಾತಿಗೆ ತುಂಬಾ ಬೆಲೆಯಿದೆ ಎಂದು ಅಧಿಕಾರಿ ತಿಳಿಸಿದರು. ಲಾಂಡ್ರಿಯಮ್ಮನಿಗೆ ಊಟ ಸೇರಲಿಲ್ಲ. ಮಕ್ಕಳನ್ನು ತಾನೇ ಇಟ್ಟುಕೊಳ್ಳುವ ಆಸೆ ಇತ್ತು. ಆದರೆ ತಾಯಿ ಫೋನ್ ಇಟ್ಟ ಮೇಲೂ ಹುಡುಗಿ ಕಪ್ಪಾದ ಪರದೆಯನ್ನೇ ನೋಡುತ್ತ ಕೂರುವುದನ್ನು ಕಂಡಿದ್ದಳು. ಕಳಿಸಿ ಎಂದೇ ಹೇಳುತ್ತೇನೆಂದು ತಾಯಿಗೆ ಮಾತು ಕೊಟ್ಟಳು.

ವಿಚಾರಣೆಯ ದಿನ ಅವಳು ಬಾಯಿ ತೆರೆಯುವ ಮೊದಲೇ ತಾಯಿಯ ವಕೀಲರು ಎದ್ದರು. ಈ ಮನೆಯಲ್ಲಿ ಮಕ್ಕಳಿಗೆ ರಕ್ಷಣೆಯಿಲ್ಲ ಎಂದು ಹೇಳಿ, ಅವಳು ಮಾರುಕಟ್ಟೆಯ ಸಂಗತಿ ಹೇಳಿಕೊಂಡು ಅತ್ತ ದನಿಯನ್ನೇ ಮೊಬೈಲಿನಲ್ಲಿ ಕೇಳಿಸಿದರು. ತಾಯಿ ಅದನ್ನು ಸದ್ದಿಲ್ಲದೆ ರೆಕಾರ್ಡ್ ಮಾಡಿಕೊಂಡಿದ್ದಳು. ನೀವೇನು ಹೇಳುತ್ತೀರಿ ಎಂದು ಸಮಿತಿಯ ಅಧ್ಯಕ್ಷೆ ಲಾಂಡ್ರಿಯಮ್ಮನನ್ನು ಕೇಳಿದರು.

"ಕಳಿಸಿ ಅಂತ ಹೇಳೋಕೇ ಬಂದಿದ್ದೆ ಮೇಡಂ," ಎಂದಳು. "ಈಗ ಬಾಯೇ ಬರ್ತಿಲ್ಲ. ಮಕ್ಕಳನ್ನೇ ಕೇಳಿ."

ಹುಡುಗಿ, ಅಮ್ಮನ ಹತ್ತಿರ ಹೋಗುತ್ತೇನೆ ಎಂದಳು. ತಮ್ಮ ಅವಳ ಬೆನ್ನಿಗೆ ಅಂಟಿ ನಿಂತ. ಸಮಿತಿ ಒಪ್ಪಿತು.

ಕರೆದೊಯ್ಯಲು ಬಂದ ತಾಯಿ ಬಾಗಿಲಲ್ಲೇ ನಿಂತಳು. "ಕೊನೇ ಗಳಿಗೇಲಿ ನೀವು ಮನಸ್ಸು ಬದಲಾಯಿಸಿಬಿಟ್ರೆ ಅಂತ ಭಯ ಆಯ್ತು ಅಕ್ಕ."

"ಕೊಡ್ತೀನಿ ಅಂದವಳ ಕೈಗೇ ಬರೆ ಹಾಕಿದೆಯಲ್ಲ," ಎಂದಳು ಲಾಂಡ್ರಿಯಮ್ಮ. ಹುಡುಗನ ಶೂ ಲೇಸು ಕಟ್ಟಿ, ಚೀಲಗಳನ್ನು ತಾನೇ ಕಾರಿಗಿಟ್ಟಳು.

ಆದೇಶದಲ್ಲಿ ಮಾರುಕಟ್ಟೆಯ ಸಂಗತಿಯೂ ಸೇರಿತ್ತು. ಆಮೇಲೆ ಅವಳ ಮನೆಗೆ ಯಾವ ಮಗುವನ್ನೂ ಕಳಿಸಲಿಲ್ಲ. ಹುಡುಗಿ ಆಗೀಗ ಫೋನ್ ಮಾಡುತ್ತಾಳೆ. ಲಾಂಡ್ರಿಯಮ್ಮ ಅವಳ ಶಾಲೆ, ತಮ್ಮನ ನೆಗಡಿ ಎಲ್ಲ ವಿಚಾರಿಸುತ್ತಾಳೆ. ಹಿಂದಿನಿಂದ ತಾಯಿಯ ದನಿ ಕೇಳಿಸಿತೋ, ಒಲೆ ಮೇಲೆ ಹಾಲಿದೆ ಎಂದು ಫೋನ್ ಇಟ್ಟುಬಿಡುತ್ತಾಳೆ.