ಆಸ್ಪತ್ರೆಗೆ ಹೋಗುವ ಮುಖ

ಮಗಳಿಗೆ ಹನ್ನೊಂದು ತುಂಬಿದ ವರ್ಷ ಬೆಳಿಗ್ಗೆ ಎದ್ದರೆ ಅವಳ ಕಣ್ಣಿನ ರೆಪ್ಪೆ ಊದಿರುತ್ತಿತ್ತು, ಸಂಜೆಯ ಹೊತ್ತಿಗೆ ಪಾದ ಊದುತ್ತಿತ್ತು. ಮೂತ್ರದಲ್ಲಿ ನೊರೆ. ರಾಯದುರ್ಗದಲ್ಲಿ ತೋರಿಸಿದೆವು, ಅವರು ಬಳ್ಳಾರಿಗೆ ಕಳಿಸಿದರು. ಅಲ್ಲಿಯ ಕಿಡ್ನಿ ಡಾಕ್ಟರು ಬೆನ್ನಿನಿಂದ ಸೂಜಿ ಹಾಕಿ ಕಿಡ್ನಿಯ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕೆಲವು ದಿನದ ಮೇಲೆ ಕಾಯಿಲೆಗೊಂದು ಹೆಸರು ಹೇಳಿದರು: ಮೆಂಬ್ರೇನಸ್. ರಕ್ತ ಸೋಸುವ ಪೊರೆ ದಪ್ಪಗಾಗಿ, ಮೈಗೆ ಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತಿದೆಯಂತೆ.

"ಸಣ್ಣ ಮಕ್ಕಳಿಗೆ ಇದು ಬರೋದು ಕಡಿಮಿ," ಅಂದರು ಡಾಕ್ಟರು. "ಬಂದ್ರ ಎರಡು ನೋಡ್ಬೇಕ್ರಿ. ಒಂದು ಲೂಪಸ್, ಅಂದ್ರ ಮೈ ಕಾಯೋ ಶಕ್ತಿನೇ ಮೈಮ್ಯಾಲೆ ತಿರುಗಿ ಬೀಳೋದು. ಇನ್ನೊಂದು, ಕಾರಣನೇ ಸಿಗದಿರೋದು. ಲೂಪಸ್ ಆದ್ರ ಅದು ಕಿಡ್ನಿಗಷ್ಟ ನಿಲ್ಲಂಗಿಲ್ಲ, ಔಷಧಿನೂ ಬ್ಯಾರೆ. ತಡ ಆದ್ರ ಕಿಡ್ನಿ ಹೋಗ್ತದ. ಚೂರಿನಾಗ ಸ್ವಲ್ಪ ಅನುಮಾನ ಐತಿ, ರಕ್ತದಾಗ ಕಾಣವಲ್ದು. ಮೈಮ್ಯಾಲೆ ಏನಾದ್ರೂ ಕಂಡ್ರ ಹೇಳ್ರಿ."

ಹೋದಾಗಲೆಲ್ಲ ಅವವೇ ಮೂರು ಪ್ರಶ್ನೆ. ಬಿಸಿಲಿಗೆ ಕೆನ್ನೆ ಕೆಂಪಾಗುತ್ತದೆಯೇ? ಬಾಯಲ್ಲಿ ಹುಣ್ಣು? ಕೀಲುನೋವು? ಮೂರಕ್ಕೂ ನಾನೇ "ಇಲ್ಲ ಸರ್" ಅನ್ನುತ್ತಿದ್ದೆ. ಅವರು ಫೈಲಿನಲ್ಲಿ 'ಕಾರಣ ತಿಳಿದಿಲ್ಲ' ಎಂದು ಬರೆಯುತ್ತಿದ್ದರು.

ಅಷ್ಟು ಓದಿದವರಿಗೆ ತಿಳಿಯದ ಕಾರಣ ನಮ್ಮ ಓಣಿಯಲ್ಲಿ ಎಲ್ಲರಿಗೂ ತಿಳಿದಿತ್ತು, ಅದೂ ಕನ್ನಡ ತೆಲುಗು ಎರಡರಲ್ಲೂ. "ಕಣ್ಣು ಬಿದ್ದಾದವ್ವ, ಮೊದ್ಲು ದೃಷ್ಟಿ ತಗಿ," ಅಂದರು ನಮ್ಮತ್ತೆ. ಮಡಕಶಿರದ ತವರಿನಿಂದ ನನ್ನ ತಮ್ಮ ಫೋನು ಮಾಡಿ, "ಆ ಬೋರ್ ನೀರೇ ಕಣಕ್ಕ, ಇಲ್ಲಿಗೆ ಕಳ್ಸು," ಅಂದ. ನಾನು ಟೀಚರು, ಇಂಥದ್ದನ್ನೆಲ್ಲ ನಂಬುವವಳಲ್ಲ. ಒಳಗೊಳಗೇ ನಗುತ್ತಿದ್ದೆ.

ನನ್ನ ನಂಬಿಕೆ ಶುಚಿಯಲ್ಲಿ. ಶಾಲೆಯಲ್ಲಿ ದಿನಾ ಮಕ್ಕಳ ಉಗುರು, ತಲೆ, ಮುಖ ನೋಡಿಯೇ ಪಾಠ ಶುರು ಮಾಡುವವಳು ನಾನು. ಟೀಚರ ಮಗಳು ಡಾಕ್ಟರ ಮುಂದೆ ಹೇಗೆಂದರೆ ಹಾಗೆ ನಿಲ್ಲಲಾದೀತೇ? ಬಳ್ಳಾರಿಗೆ ಹೋಗುವ ದಿನ ತಲೆಗೆ ನೀರು, ಎರಡು ಜಡೆ, ಮುಖಕ್ಕೆ ಸ್ನೋ, ಅದರ ಮೇಲೆ ಪೌಡರು. ಕೆನ್ನೆಯ ಮೇಲೆ ಕೆಂಪು ಕಾಣುತ್ತಿದ್ದರೆ ಅಲ್ಲಿ ಇನ್ನೊಂದು ಕೈ ಹೆಚ್ಚು. ಹಾಗಾದರೆ ಡಾಕ್ಟರಿಗೆ ಸುಳ್ಳು ಹೇಳಿದೆನೇ? ದೇವರಾಣೆ ಇಲ್ಲ. ರಾಯದುರ್ಗದ ಬಿಸಿಲಿಗೆ ಕಂದದ ಮುಖ ಯಾವುದಿದೆ? ಅದನ್ನೂ ಒಂದು ರೋಗ ಅಂತ ಹೇಳಿಕೊಳ್ಳುತ್ತಾರೆಯೇ? ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ನಾನು ಮಗಳನ್ನು ಕನ್ನಡಿಯ ಮುಂದೆ ನಿಲ್ಲಿಸಿಕೊಂಡೇ ಮುಚ್ಚಿದವಳು. ಹೀಗೆ ಒಂದು ವರ್ಷ ಕಳೆಯಿತು.

ಒಂದು ಸಲ ಬಸ್ಸು ಡಿ. ಹಿರೇಹಾಳ್ ದಾಟುವ ಹೊತ್ತಿಗೆ ಮಗಳು ವಾಂತಿ ಮಾಡಿಕೊಂಡಳು. ಬಳ್ಳಾರಿಯಲ್ಲಿ ಇಳಿದು ಆಸ್ಪತ್ರೆಯ ನಲ್ಲಿಯಲ್ಲಿ ಮುಖ ತೊಳೆಸಿದೆ. ಬ್ಯಾಗೆಲ್ಲ ತಡಕಿದರೂ ಪೌಡರಿನ ಡಬ್ಬಿ ಇಲ್ಲ. ಮಗಳ ಹೊಟ್ಟೆಯ ಸಂಕಟಕ್ಕಿಂತ ನನಗೆ ಅದೇ ದೊಡ್ಡ ಸಂಕಟವಾಯಿತು. ಅಷ್ಟರಲ್ಲಿ ನಮ್ಮನ್ನು ಕರೆದರು.

ಡಾಕ್ಟರು ಫೈಲು ತೆರೆಯಲೇ ಇಲ್ಲ. ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಒಂದು ಕೆನ್ನೆಯಿಂದ ಮೂಗಿನ ಮೇಲೆ ಹಾದು ಇನ್ನೊಂದು ಕೆನ್ನೆಗೆ ಕೆಂಪು ಹರಡಿತ್ತು.

"ಇದು ಯಾವಾಗಿಂದ?"

"ಬಸ್ಸಿನ ಕಿಟಕಿ ಬಿಸಿಲು ಸರ್," ಅಂದೆ ನಾನು.

"ನೀವು ಸುಮ್ನಿರ್ರಿ ಟೀಚರಮ್ಮ. ನೀ ಹೇಳವ್ವ."

"ಹ್ವಾದ ಬ್ಯಾಸಿಗಿಯಿಂದ ಐತ್ರಿ," ಅಂದಳು ಮಗಳು. ಬಾಯಲ್ಲಿ ಹುಣ್ಣು? ಆಗುತ್ತಿತ್ತಂತೆ, ಉಷ್ಣ ಅಂತ ಅಜ್ಜಿ ಮಜ್ಜಿಗೆ ಕೊಡುತ್ತಿದ್ದರಂತೆ. ಕೀಲುನೋವು? "ಮುಂಜಾನಿ ಬೆರಳು ಮಡಚಾಕ ಬರಂಗಿಲ್ರಿ."

ಒಂದು ವರ್ಷದಿಂದ ನಾನು ಹೇಳುತ್ತ ಬಂದ ಮೂರು 'ಇಲ್ಲ'ಗಳನ್ನು ಅವಳು ಎರಡು ನಿಮಿಷದಲ್ಲಿ 'ಹೌದು' ಮಾಡಿದಳು. ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಮತ್ತೆ ರಕ್ತ ತೆಗೆಸಿದರು, ಈ ಸಲ ರಕ್ತವೂ ಲೂಪಸ್ ಎಂದೇ ಹೇಳಿತು. ಔಷಧಿ ಬದಲಾಯಿತು. ಈಗ ಊತ ಇಳಿದಿದೆ, ಪ್ರೋಟೀನು ಸೋರುವುದು ಕಡಿಮೆಯಾಗಿದೆ. ಕಿಡ್ನಿ ಸದ್ಯಕ್ಕೆ ಉಳಿದಿದೆ. ಕಳೆದ ಆ ವರ್ಷ ಎಷ್ಟು ಹಾಳುಮಾಡಿದೆ ಎಂದು ನಾನು ಕೇಳಿಲ್ಲ, ಕೇಳಲು ಭಯ.

ರಕ್ತದ ರಿಪೋರ್ಟು ಬಂದ ದಿನ, ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಸಿಟ್ಟೆಲ್ಲ ಅವಳ ಮೇಲೇ ತಿರುಗಿತು. "ಬೆರಳು ನೋಯ್ತಿದ್ರೆ ನನ್ನ ಹತ್ರ ಯಾಕೆ ಹೇಳ್ಲಿಲ್ಲ ನೀನು?"

ಅವಳು ಕಿಟಕಿಯಿಂದ ಈ ಕಡೆ ತಿರುಗಿದಳು. ಅವಳ ದನಿಯಲ್ಲಿ ದೂರು ಇರಲಿಲ್ಲ.

"ಹೇಳಿದ್ನಲ್ಲಮ್ಮ. ಅಕ್ಷರ ಕೆಟ್ಟಾವ, ಅದಕ್ಕ ನೆವ ಹೇಳ್ತಿ ಅಂದಿ. ಹತ್ತು ಪುಟ ಕಾಪಿ ಬರಿ ಅಂದಿ. ಬರದೆ."

ಬರೆದಿದ್ದಳು. ಒಂದು ಸಾಲೂ ಬಿಡದೆ ಹತ್ತೂ ಪುಟ. ಕೊನೆಯ ಪುಟದ ಕೆಳಗೆ ನಾನು ಕೆಂಪು ಪೆನ್ನಿನಲ್ಲಿ ಸಹಿ ಮಾಡಿ, 'ಇನ್ನೂ ಸುಧಾರಿಸಬೇಕು' ಎಂದು ಬರೆದಿದ್ದೆ.