ಸೊಪ್ಪು ಹಾಕುವ ಹೊತ್ತಿಗೆ ಬಂದ ಕರೆ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಲು ಕಾರಣ, ಆಗಷ್ಟೇ ನಾನು ಅಕ್ಕನ ಫೋಟೊ ತೆಗೆದಿದ್ದೆ. ಫೋನಿನಲ್ಲಿ ಸಮಯ ಉಳಿದುಕೊಂಡಿದೆ. ಸಮುದ್ರಕ್ಕೆ ಬೆನ್ನು ಹಾಕಿ, ರೆಸಾರ್ಟಿನವರ ಉದ್ದನೆಯ ಒರಗು ಕುರ್ಚಿಯಲ್ಲಿ ಒರಗದೆ, ತುದಿಯಲ್ಲಿ ಕೂತು ಅಕ್ಕ ನಗುತ್ತಿದ್ದಾಳೆ. ಫೋನನ್ನು ಬ್ಯಾಗಿಗೆ ಹಾಕಿ ತಲೆ ಎತ್ತುವಷ್ಟರಲ್ಲಿ ಕುರ್ಚಿ ಖಾಲಿಯಾಗಿತ್ತು.

ಮುಂದಿನದನ್ನು ಹೇಳುವ ಮೊದಲು ಒಂದು ಮಾತು. ನಾನು ಶ್ರೀನಿವಾಸಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಯಲ್ದೂರಿನ ಕಡೆಯಿಂದ ಬರುವ ಮಕ್ಕಳು ಮಾವಿನ ತೋಪಿನ ದೆವ್ವದ ಕಥೆ ಹೇಳಿದರೆ ಅವರ ಮುಂದೆಯೇ ನಕ್ಕಿದ್ದೇನೆ. ಸತ್ತವರ ದನಿ ಕೇಳಿತು ಎಂದವರಿಗೆ, ಅದು ನೆನಪು ಮಾಡುವ ಕೆಲಸ ಎಂದು ತಿಳಿಹೇಳಿದ್ದೇನೆ. ಈಗಲೂ ಪಾಠದಲ್ಲಿ ಅದನ್ನೇ ಹೇಳುತ್ತೇನೆ. ನನಗೆ ಬೇರೆ ಯಾವುದೂ ಗೊತ್ತಿಲ್ಲ.

ನಮ್ಮದು ಹುತ್ತೂರಿನ ಹತ್ತಿರದ ಹಳ್ಳಿ. ಅಮ್ಮ ಜ್ವರ ಬಂದು ತೀರಿಕೊಂಡಾಗ ನನಗೆ ಏಳು ವರ್ಷ, ಅಕ್ಕ ಜಯಳಿಗೆ ಹದಿನಾರು. ಅಮ್ಮ ಮುಳಬಾಗಿಲಿನ ಆಚೆಯ ಕಡೆಯವಳು. ನಮ್ಮಿಬ್ಬರ ಜೊತೆ ಆಡುತ್ತಿದ್ದದ್ದು ತೆಲುಗು. ಅಪ್ಪನ ಕಡೆಯವರೆಲ್ಲ ಕನ್ನಡದವರಾದ್ದರಿಂದ ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ತೆಲುಗು ಮಾತೇ ನಿಂತುಹೋಯಿತು. ಅದೇ ತಿಂಗಳು ಅಕ್ಕ ಶಾಲೆ ಬಿಟ್ಟು, ಅಮ್ಮ ನೋಡಿಕೊಳ್ಳುತ್ತಿದ್ದ ರೇಷ್ಮೆ ಹುಳುಮನೆಯನ್ನೂ ನನ್ನನ್ನೂ ಒಟ್ಟಿಗೆ ಕೈಗೆ ತೆಗೆದುಕೊಂಡಳು. ಮದುವೆಯಾದರೂ ಪಕ್ಕದ ಬೀದಿಗೇ ಹೋದಳು, ಹುಳುಮನೆ ಬಿಡಲಿಲ್ಲ. ಹುಳುವಿಗೆ ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಹಾಗಾಗಿ ವಯಸ್ಸು ನಲವತ್ತಮೂರಾದರೂ ಅವಳು ಸಮುದ್ರ ನೋಡಿರಲಿಲ್ಲ.

ಗೂಡು ಮಾರಿ, ಹುಳುಮನೆ ತೊಳೆದು, ಮುಂದಿನ ಬೆಳೆಯ ಹುಳು ತರುವ ತನಕ ಸಿಗುವ ಹತ್ತು ದಿನಗಳ ಬಿಡುವಿನಲ್ಲಿ ಅವಳನ್ನು ಹೊರಡಿಸಿದೆ. ನಾನು, ನನ್ನ ಗಂಡ, ಮಗಳು, ಅಕ್ಕ. ಪುದುಚೇರಿಯ ಹತ್ತಿರ ಒಳ್ಳೆಯ ರೆಸಾರ್ಟು. ಮರಳಿನಿಂದ ಒಳಗೆ ಬರುವ ಕಡೆ ಕಾಲು ತೊಳೆಯಲು ನಲ್ಲಿ ಇಟ್ಟಿದ್ದದ್ದು ಮಾತ್ರ ಅಕ್ಕನಿಗೆ ಬಹಳ ಹಿಡಿಸಿತು. ಹುಳುಮನೆಗೂ ಕಾಲು ತೊಳೆಯದೆ ಯಾರನ್ನೂ ಬಿಡುವವಳಲ್ಲ ಅವಳು. ಸಮುದ್ರವನ್ನು ಸುಮಾರು ಹೊತ್ತು ನೋಡಿ ಹೇಳಿದಳು:

"ಇಷ್ಟೊಂದ್ ನೀರಿಟ್ಕೊಂಡು ಒಂದ್ ಸಾಲು ಸೊಪ್ಪು ಬೆಳ್ಯೋಕಾಗಲ್ಲ ಅಂತೀಯ? ಎಂಥಾ ದಂಡ ಕಣೇ."

ಎರಡನೇ ದಿನ ಗಂಡ, ಮಗಳು ಈಜುಕೊಳದಲ್ಲಿದ್ದರು. ದಡದಲ್ಲಿ ನಾವಿಬ್ಬರೇ. ಕುರ್ಚಿ ಖಾಲಿಯಾದದ್ದು ಆಗ.

ಅಕ್ಕ ನೀರಿನ ಕಡೆ ನಡೆಯುತ್ತಿದ್ದಳು. ಅದು ತಿರುಗಾಡಲು ಬಂದವರ ನಡಿಗೆಯಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಲಸಕ್ಕೆ ಹೊತ್ತಾಯಿತು ಎನ್ನುವ ಹಾಗೆ ಸರಸರ ಹೋಗುತ್ತಿದ್ದಳು. ನಾಲ್ಕು ಗಂಟೆ ನಮ್ಮಲ್ಲಿ ಸೊಪ್ಪು ಹಾಕುವ ಹೊತ್ತು. ಅಭ್ಯಾಸಬಲ ಎಂದು ಮೊದಲು ನನಗೆ ನಗುವೇ ಬಂತು. ಕೂಗಿದೆ. ತಿರುಗಲಿಲ್ಲ. ನೀರು ಅವಳ ಮೊಣಕಾಲು ದಾಟಿದಾಗ ಓಡಿದೆ.

ನಾನು ನೀರಿಗೆ ಕಾಲಿಟ್ಟ ಕೂಡಲೇ ಅಲೆಯ ಸದ್ದು ನಿಂತಿತು. ಅಲೆಗಳು ಬರುತ್ತಿದ್ದವು, ಒಡೆಯುತ್ತಿದ್ದವು, ಸದ್ದಿರಲಿಲ್ಲ. ಅದರ ಬದಲಿಗೆ ಎಲೆಗಳ ಮೇಲೆ ತುಂತುರು ಬಿದ್ದಂತೆ ಸಣ್ಣಗೆ, ಎಡೆಬಿಡದೆ ಇನ್ನೊಂದು ಸದ್ದು. ದೊಡ್ಡ ಹುಳುಗಳು ಸಾವಿರಗಟ್ಟಲೆ ಒಟ್ಟಿಗೆ ಸೊಪ್ಪು ತಿನ್ನುವ ಸದ್ದು. ಹುಳುಮನೆಯಲ್ಲಿ ಬೆಳೆದವರಿಗೆ ಅದನ್ನು ಗುರುತು ಹಿಡಿಯಲು ಯಾರೂ ಹೇಳಿಕೊಡಬೇಕಿಲ್ಲ. ಅದರ ನಡುವಿನಿಂದ ಅಮ್ಮ ಕರೆದಳು.

"ಜಯಾ, ಆಕು ಚಾಲದು. ಚಿನ್ನಿನಿ ಪಿಲ್ಚುಕೊನಿ ರಾ."

ಸೊಪ್ಪು ಸಾಲದು, ಚಿನ್ನಿಯನ್ನು ಕರೆದುಕೊಂಡು ಬಾ ಎಂದು. ಚಿನ್ನಿ ನಾನು.

ಅಮ್ಮನ ಫೋಟೊ ಒಂದು ನಮ್ಮ ಹತ್ತಿರ ಇದೆ, ದನಿ ಇಲ್ಲ. ನಾನು ಅದನ್ನು ಮರೆತು ಎಷ್ಟೋ ವರ್ಷವಾಗಿತ್ತು. ಬಾಣಂತನದಲ್ಲಿ ಒಬ್ಬಳೇ ಮಲಗಿದ್ದಾಗ ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೆ, ಒಂದೇ ಒಂದು ಮಾತೂ ಬಂದಿರಲಿಲ್ಲ. ಆ ದಿನ ಕೇಳಿದ ಕ್ಷಣವೇ ಗೊತ್ತಾಯಿತು. ಸ್ವಲ್ಪ ಒಡಕು, ಕೊನೆಯಲ್ಲಿ ಎಳೆಯುವ ದನಿ. ಕೆಲಸದ ನಡುವೆ ತಿರುಗಿ ನೋಡದೆ ಕರೆಯುವ ದನಿ.

ಅಕ್ಕನ ತೋಳು ಹಿಡಿದುಕೊಂಡೆ. ನೀರು ಸೊಂಟದವರೆಗಿತ್ತು. ಎಳೆಯಬೇಕಿತ್ತು. ನಾನು ಎಳೆಯಲಿಲ್ಲ. ಇದನ್ನು ಗಂಡನಿಗೂ ಹೇಳಿಲ್ಲ. ಅವಳ ಕೈ ಹಿಡಿದು ನಾನೂ ಮುಂದೆ ನಡೆದೆ. ಹೆದರಿಕೆ ಇರಲಿಲ್ಲ. ಈಜುಕೊಳದಲ್ಲಿದ್ದ ಮಗಳ ನೆನಪೂ ಬರಲಿಲ್ಲ. ಹೋದರೆ ಅಮ್ಮ ಇರುತ್ತಾಳೆ ಎನ್ನುವುದಷ್ಟೇ ಮನಸ್ಸಿನಲ್ಲಿತ್ತು.

ನಿಂತವಳು ಅಕ್ಕ. ತನ್ನ ಕೈಯಲ್ಲಿದ್ದ ನನ್ನ ಕೈ ನೋಡಿದಳು, ಆಮೇಲೆ ನನ್ನ ಮುಖ.

"ಲೇ ಚಿನ್ನಿ, ನೀನ್ಯಾಕೆ ಬರ್ತಿದ್ದೀಯೆ? ಅಮ್ಮ ಕರೆದಿದ್ದು ನನ್ನ. ನಡಿ ಆಚೆ."

ಅಷ್ಟರಲ್ಲಿ ಅಲೆ ನಮ್ಮಿಬ್ಬರ ತಲೆಯ ಮೇಲೆ ಬಿತ್ತು. ಕಾಲ ಕೆಳಗಿನ ಮರಳು ಜಾರಿತು. ಉಪ್ಪುನೀರು ಮೂಗಿಗೆ ಹೋಗಿ ಕಣ್ಣು ಕತ್ತಲಾಯಿತು. ಮಣಿಕಟ್ಟಿನ ಮೇಲೆ ಅಕ್ಕನ ಹಿಡಿತ ಮಾತ್ರ ಗೊತ್ತಾಗುತ್ತಿತ್ತು. ಹೊರೆಗಟ್ಟಲೆ ಸೊಪ್ಪು ಕೊಯ್ದ ಕೈ ಅದು. ಮರಳಿನ ಮೇಲೆ ಬಿದ್ದಾಗ ಸಮುದ್ರ ಮೊದಲಿನಂತೆಯೇ ಮೊರೆಯುತ್ತಿತ್ತು.

ಓಡಿ ಬಂದ ಕಾವಲಿನವನಿಗೆ ತುಸು ತೆಲುಗು ಬರುತ್ತಿತ್ತು. ಅಷ್ಟು ಹೊತ್ತಿಂದ ಸೀಟಿ ಊದುತ್ತಿದ್ದೇನೆ, ಕಿವಿ ಕೇಳುವುದಿಲ್ಲವೇ ಎಂದು ಬೈದ. ನಾವು ನಿಂತಿದ್ದ ಜಾಗದಿಂದ ನಾಲ್ಕು ಹೆಜ್ಜೆ ಮುಂದೆ ನೆಲ ಒಮ್ಮೆಲೇ ಆಳಕ್ಕೆ ಇಳಿಯುತ್ತದಂತೆ. ಸೀಟಿ ನಮ್ಮಿಬ್ಬರಿಗೂ ಕೇಳಿರಲಿಲ್ಲ.

ದನಿಯ ವಿಷಯ ಮಾತ್ರ ಗಂಡನಿಗೆ ಹೇಳಿದೆ. ರೆಸಾರ್ಟಿನ ತುಂಬ ತೆಲುಗಿನವರೇ ಇದ್ದಾರೆ, ಯಾರೋ ತಮ್ಮ ಮಗಳನ್ನು ಕರೆದಿರಬೇಕು ಎಂದರು. ಜಯ ಎಂಬ ಹೆಸರು ಊರೂರಲ್ಲೂ ಇದೆ. ಸರಿಯಾದ ಮಾತು. ನನ್ನ ವಿದ್ಯಾರ್ಥಿಗಳು ಕೇಳಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಆದರೆ ಸಮುದ್ರದ ದಡದಲ್ಲಿ ಸೊಪ್ಪು ಸಾಲದು ಎನ್ನುವವರು ಯಾರು?

ವಾಪಸು ಬರುವಾಗ ಮುಳಬಾಗಿಲಿನಲ್ಲಿ ಟೀ ಕುಡಿಯಲು ನಿಂತೆವು. ಆಗ ಅಕ್ಕನನ್ನು ಕೇಳಿದೆ, ಅಮ್ಮ ನಿನಗೆ ಏನೆಂದಳು ಎಂದು. ಅವಳು ಲೋಟದಿಂದ ಕಣ್ಣು ತೆಗೆಯಲಿಲ್ಲ.

"ಸೊಪ್ಪು ಸಾಲಲ್ಲ, ಬಾ ಅಂದ್ಲು. ನಿನ್ ಹೆಸರು ಹೇಳ್ಲಿಲ್ಲ ಕಣೇ. ನನ್ನೊಬ್ಳನ್ನೇ ಕರೆದಿದ್ದು."

ನನ್ನ ಹೆಸರು ಹೇಳಿದಳೇ ಎಂದು ನಾನು ಕೇಳಿಯೇ ಇರಲಿಲ್ಲ.

ಅವಳಿಗೆ ಅದು ನಿಜವಾಗಿಯೂ ಕೇಳಿಸಲಿಲ್ಲವೋ, ಕೇಳಿಸಿಯೂ ನನ್ನನ್ನು ಕೊಡಲು ಒಪ್ಪಲಿಲ್ಲವೋ, ಇವತ್ತಿಗೂ ಗೊತ್ತಿಲ್ಲ. ಇನ್ನೊಮ್ಮೆ ಕೇಳುವ ಧೈರ್ಯ ನನಗಿಲ್ಲ.

ಊರಿಗೆ ಬಂದ ಮೇಲೂ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಮರಳು ಜಾರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ದನಿ ಮತ್ತೆ ನನ್ನನ್ನು ಬಿಟ್ಟುಹೋಗಿತ್ತು. ಮಾತುಗಳು ನೆನಪಿವೆ, ದನಿ ಇಲ್ಲ. ಇನ್ನೊಂದು ಸಲ ಕರೆಯಲಿ ಎಂದು ಕಿವಿಗೊಟ್ಟು ಮಲಗುತ್ತಿದ್ದೆ. ಕರೆದರೆ ಏನು ಮಾಡುತ್ತೇನೋ ಎಂದು ಎದ್ದು ಕೂರುತ್ತಿದ್ದೆ.

ಅಕ್ಕ ಹೊಸ ಬೆಳೆ ತಂದಳು. ನಾನು ಶನಿವಾರ ಶಾಲೆ ಮುಗಿಸಿ ಅವಳಲ್ಲಿಗೆ ಹೋಗತೊಡಗಿದೆ. ಮೂರನೆಯ ಶನಿವಾರ ಹೋದಾಗ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮೊದಲು ಅವು ತಲೆ ಎತ್ತಿ, ಏನೂ ತಿನ್ನದೆ, ಕದಲದೆ ಕೂರುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಸೊಪ್ಪು ಕೊಯ್ಯುವಂತಿಲ್ಲ, ಹಾಕುವಂತಿಲ್ಲ. ಇಡೀ ಹುಳುಮನೆಯಲ್ಲಿ ಒಂದು ಸದ್ದಿಲ್ಲ. ಅಕ್ಕ ನಡುಮನೆಯಲ್ಲಿ ಚಾಪೆ ಹಾಸಿ, ಸಣ್ಣವಳಿದ್ದಾಗ ಮಾಡುತ್ತಿದ್ದಂತೆ ನನ್ನನ್ನು ಗೋಡೆಯ ಕಡೆ ಮಲಗಿಸಿ, ಬಾಗಿಲ ಕಡೆ ತಾನು ಮಲಗಿದಳು.

ಎಚ್ಚರವಾದಾಗ ಮುಖದ ಮೇಲೆ ಬಿಸಿಲು ಬಿದ್ದಿತ್ತು. ಭಾನುವಾರ, ಎಂಟು ಗಂಟೆ ದಾಟಿತ್ತು. ಅಕ್ಕ ಇನ್ನೂ ಬಾಗಿಲಿಗೆ ಮುಖ ಮಾಡಿ, ಸಣ್ಣಗೆ ಗೊರಕೆ ಹೊಡೆಯುತ್ತ ಮಲಗಿದ್ದಳು.